ಹನ್ನೆರಡು ಮುಚ್ಚಳ

ನಾಲ್ಕು ಮಕ್ಕಳನ್ನು ಹೆತ್ತ ತಾಯಿಯೊಬ್ಬಳು ಗಂಡಸು ಎಂದು ಗೊತ್ತಾದದ್ದು ಒಂದು ಮಂಗಳವಾರ ಬೆಳಗ್ಗೆ, ಹನ್ನೊಂದು ಗಂಟೆಯ ಟೀ ಬರುವ ಮೊದಲು.

ಅದನ್ನು ಕಂಡುಹಿಡಿದವಳು ಲ್ಯಾಬಿಗೆ ಹೊಸದಾಗಿ ಸೇರಿದ್ದ ವಿಜ್ಞಾನಿ. ಸೇರಿ ಒಂದೂವರೆ ವರ್ಷವಾಗಿದ್ದರೂ ಎಲ್ಲರ ಬಾಯಲ್ಲೂ ಅವಳು ಇನ್ನೂ ಹೊಸ ಮೇಡಂ. ಕಂಪ್ಯೂಟರಿನ ಮುಂದೆ ಕೂತಿದ್ದವಳು ತಿರುಗದೆಯೇ ಕರೆದಳು.

"ಹನಿಯಕ್ಕಾ, ಸ್ವಲ್ಪ ಇಲ್ಲಿ ಬನ್ನಿ. ನಾಲ್ಕನೇ ನಂಬರಿನ ಟ್ಯೂಬು ಯಾರದ್ದು?"

"ಮೊದಲನೇ ಮನೆ ತಾಯಿದು," ಎಂದಳು ಹನಿಯಕ್ಕ, ಕೈಗವಸು ಬಿಚ್ಚುತ್ತಾ. ಪುಸ್ತಕ ನೋಡಲಿಲ್ಲ. "ಬಲಗೈಲಿ ನರ ಸಿಗ್ತಿರಲಿಲ್ಲ, ಎಡಗೈಲಿ ರಕ್ತ ತೆಗೆದಿದ್ವಿ. ಪಾಪ, ನಾಲ್ಕು ಮಕ್ಕಳು ಆಯಮ್ಮಂಗೆ. ಯಾಕೆ?"

"ಇದರಲ್ಲಿರೋದು ಗಂಡಸಿನ ರಕ್ತ."

ಹನಿಯಕ್ಕ ನಕ್ಕುಬಿಟ್ಟಳು. ಹೊಸಬರ ಇಂಥ ಆಟ ಅವಳು ಬೇಕಾದಷ್ಟು ನೋಡಿದ್ದಳು. ಬರುತ್ತಾರೆ, ಮಿಷನ್ನು ನಡೆಸಲು ಬರುವುದಿಲ್ಲ, ಎಡವಟ್ಟಾದರೆ ಟ್ಯೂಬಿನ ಮೇಲೆ ಗೂಬೆ ಕೂರಿಸುತ್ತಾರೆ.

"ಇನ್ನೊಂದ್ಸಲ ಮಾಡಿ ನೋಡಿ ಮೇಡಂ."

"ಮೂರು ಸಲ ಮಾಡಿದೀನಿ ಅಕ್ಕ."

ಆ ಮೂರು ಸಲ ಎನ್ನುವ ಮಾತು ಹನಿಯಕ್ಕನ ನಗುವನ್ನು ಅಲ್ಲೇ ಅಳಿಸಿಹಾಕಿತು. ಟೀ ಬಂತು, ಆರಿತು, ಕೆನೆ ಕಟ್ಟಿತು. ಅವಳು ಮುಟ್ಟಲಿಲ್ಲ.

ಹನಿಯಕ್ಕ ಅವಳ ಹೆಸರಲ್ಲ. ಹೆಸರು ಹಾಜರಿ ಪುಸ್ತಕದಲ್ಲಿತ್ತು ಮತ್ತು ಅಲ್ಲಿಯೇ ಇತ್ತು. ಯಾರೂ ಅದನ್ನು ಹೊರಗೆ ತೆಗೆದು ಬಳಸಿದವರಲ್ಲ. ಇಪ್ಪತ್ತಾರು ವರ್ಷದಿಂದ ಒಂದು ಟ್ಯೂಬಿನಿಂದ ಇನ್ನೊಂದು ಟ್ಯೂಬಿಗೆ ಹನಿ ಬಿಡುವುದೇ ಅವಳ ಕೆಲಸ. ಜನರ ರಕ್ತ ಬರುತ್ತದೆ. ಅದರಿಂದ ಬೇಡದ್ದನ್ನೆಲ್ಲ ತೊಳೆದು ಡಿಎನ್ಎ ಮಾತ್ರ ಉಳಿಸಿಕೊಂಡು, ಕಿರುಬೆರಳಿಗಿಂತ ಚಿಕ್ಕದಾದ ಟ್ಯೂಬಿಗೆ ತುಂಬಿ, ಮುಚ್ಚಳ ತಿರುಗಿಸಿ, ನಂಬರು ಬರೆದು, ಮೈ ಕೊರೆಯುವ ಫ್ರೀಜರಿನಲ್ಲಿ ಸಾಲಾಗಿ ಇಡುತ್ತಾಳೆ. ಆಮೇಲೆ ವಿಜ್ಞಾನಿಗಳು ಬಂದು ಜ್ಞಾನ ತೆಗೆಯುತ್ತಾರೆ. ಹಾಗೆಂದು ಅವಳೇ ಹೇಳುತ್ತಿದ್ದಳು, ಸ್ವಲ್ಪ ಕುಟುಕಿಯೇ.

ಕೈ ನಡುಗದ ಹೆಂಗಸು. ಐವತ್ತನಾಲ್ಕರಲ್ಲೂ ಅವಳ ಪಿಪೆಟ್ಟಿನ ತುದಿಯಲ್ಲಿ ಹನಿ ನಿಂತರೆ, ಬೀಳು ಎಂದಾಗಲೇ ಬೀಳಬೇಕು. ನೆನಪು ಅದಕ್ಕಿಂತ ಒಂದು ಕೈ ಮೇಲು. ಸಾವಿರಾರು ಟ್ಯೂಬಿನಲ್ಲಿ ಯಾವುದು ಯಾರದ್ದು, ರಕ್ತ ಕೊಡುವಾಗ ಯಾರು ಮುಖ ತಿರುಗಿಸಿದರು, ಯಾರು ಮೂರ್ಛೆ ಹೋದರು, ಎಲ್ಲವೂ ನಾಲಿಗೆಯ ತುದಿಯಲ್ಲಿ. ಪಿಎಚ್.ಡಿ. ಮಾಡಲು ಬಂದವರು ಪಟ್ಟಿ ಹುಡುಕುವ ಬದಲು ಅವಳನ್ನೇ ಕೇಳುತ್ತಿದ್ದರು. ಆ ಕೇಳುವುದು ಅವಳಿಗೆ ತುಂಬ ಇಷ್ಟವಾಗಿತ್ತು ಎಂಬುದನ್ನು ಇಲ್ಲೇ ಹೇಳಿಬಿಡಬೇಕು. ಇಷ್ಟವಾದದ್ದರಿಂದಲೇ ಅವಳ ಕೆಲಸದ ಪುಸ್ತಕದಲ್ಲಿ ಬರಹ ಕಡಿಮೆ. ದಿನಾಂಕ, ಟ್ಯೂಬಿನ ನಂಬರು, ಮುಂದೆ ಒಂದೇ ಪದ: ಎಂದಿನಂತೆ. ಪುಟಗಟ್ಟಲೆ ಎಂದಿನಂತೆ, ಎಂದಿನಂತೆ, ಎಂದಿನಂತೆ.

ಇನ್ನೊಂದು ಅಭ್ಯಾಸವೂ ಇತ್ತು. ನಂಬರನ್ನು ಅವಳು ಮುಚ್ಚಳದ ಮೇಲೆ ಮಾತ್ರ ಬರೆಯುತ್ತಿದ್ದಳು. ಟ್ಯೂಬಿನ ಮೈಮೇಲೂ ಬರೆಯಬೇಕೆಂದು ಗೋಡೆಯ ಮೇಲಿನ ನಿಯಮಾವಳಿಯಲ್ಲಿ ಇತ್ತು. ಆದರೆ ಡಬ್ಬಿಯಲ್ಲಿ ಇಟ್ಟ ಟ್ಯೂಬನ್ನು ಮೇಲಿನಿಂದ ನೋಡುತ್ತೇವೆ, ಕಾಣುವುದು ಮುಚ್ಚಳವೊಂದೇ. ಮೈಮೇಲೆ ಬರೆದದ್ದು ಯಾರ ಉದ್ಧಾರಕ್ಕೆ, ಎಂದು ಅವಳ ವಾದ. ನಿಯಮ ಬರೆದವರು ಒಂದು ದಿನವಾದರೂ ಫ್ರೀಜರಿಗೆ ಕೈ ಹಾಕಿದ್ದರೇ ಎಂದು ಎದುರು ಪ್ರಶ್ನೆ ಬೇರೆ. ಇಪ್ಪತ್ತಾರು ವರ್ಷ ತಪ್ಪಿಲ್ಲದೆ ನಡೆದ ಮೇಲೆ ಯಾರು ಎದುರಾಡುತ್ತಾರೆ!

ಈಗ ಆ ಟ್ಯೂಬುಗಳಿಂದ ಹುಟ್ಟಿದ ಪೇಪರಿನ ವಿಷಯ. ಆರು ವರ್ಷದ ಹಿಂದೆ ಲ್ಯಾಬಿನ ಮುಖ್ಯಸ್ಥರಾದ ಮೇಷ್ಟ್ರು ಒಂದು ದೊಡ್ಡ ವಿಜ್ಞಾನ ಪತ್ರಿಕೆಯಲ್ಲಿ ಪ್ರಬಂಧ ಪ್ರಕಟಿಸಿದ್ದರು. ಕೆಲವು ಮನೆತನಗಳಲ್ಲಿ ಮೂವತ್ತು ದಾಟಿದ ಮೇಲೆ ದೃಷ್ಟಿ ಅಂಚಿನಿಂದ ಒಳಗೆ ಕಪ್ಪಾಗುತ್ತಾ ಬರುತ್ತದೆ; ಕೊನೆಗೆ ಗೋಡೆಯ ತೂತಿನಿಂದ ನೋಡಿದಷ್ಟು ಉಳಿದು, ಅದೂ ಮುಚ್ಚಿಹೋಗುತ್ತದೆ. ಅಂಥ ಮೂರು ಮನೆಯವರ ರಕ್ತ ನೋಡಿ, ಒಂದು ಜೀನಿನಲ್ಲಿ ಒಂದು ಗುರುತನ್ನು ಮೇಷ್ಟ್ರು ತೋರಿಸಿದ್ದರು. ದೃಷ್ಟಿ ಹೋದವರಲ್ಲೆಲ್ಲ ಆ ಗುರುತಿತ್ತು, ನೆಟ್ಟಗಿದ್ದವರಲ್ಲಿ ಇರಲಿಲ್ಲ. ಬರೆದ ನಾಲ್ವರ ಹೆಸರಿನಲ್ಲಿ ಮೂರನೆಯದು ಹನಿಯಕ್ಕನದು. ಟೆಕ್ನಿಷಿಯನ್ ಒಬ್ಬಳ ಹೆಸರು ಹಾಗೆ ಅಚ್ಚಾದದ್ದು ಆ ಕಟ್ಟಡದಲ್ಲೇ ಮೊದಲು. ಅವಳು ಆ ವಾರವೆಲ್ಲ ನೆಲಕ್ಕೆ ಕಾಲು ತಾಗಿಸದೆ ಓಡಾಡಿದಳು.

ಸಂತೋಷಕ್ಕೆ ಹೆಸರೊಂದೇ ಕಾರಣವಲ್ಲ. ಅವಳ ಸ್ವಂತ ಅಕ್ಕನಿಗೆ ಅದೇ ಕಾಯಿಲೆ. ನಲವತ್ತು ತುಂಬುವುದರೊಳಗೆ ಅಕ್ಕನ ಕಣ್ಣು ಪೂರ್ತಿ ಹೋಗಿತ್ತು. ಅಕ್ಕನಿಗೆ ಒಬ್ಬಳೇ ಮಗಳು, ಪುಟ್ಟಿ. ಪುಟ್ಟಿ ಪ್ರತಿ ವರ್ಷ ಕಣ್ಣಿನ ಆಸ್ಪತ್ರೆಗೆ ಹೋಗಿ ಪರೀಕ್ಷೆ ಮಾಡಿಸಿಕೊಳ್ಳುತ್ತಿದ್ದಳು, ಅದರ ಹಿಂದಿನ ವಾರವೆಲ್ಲ ಅನ್ನ ಸೇರದೆ ಒದ್ದಾಡುತ್ತಿದ್ದಳು. ಪೇಪರು ಪ್ರಕಟವಾದ ತಿಂಗಳಲ್ಲೇ ಹನಿಯಕ್ಕ ಅಕ್ಕನನ್ನೂ ಮಗಳನ್ನೂ ಕೂರಿಸಿ ರಕ್ತ ತೆಗೆದಳು. ಯಾರಿಗೂ ಹೇಳಲಿಲ್ಲ, ಯಾವ ಪುಸ್ತಕದಲ್ಲೂ ಬರೆಯಲಿಲ್ಲ. ಅಕ್ಕನಲ್ಲಿ ಗುರುತಿತ್ತು. ಪುಟ್ಟಿಯಲ್ಲಿ ಇರಲಿಲ್ಲ.

"ನಿನಗಿಲ್ಲ ಕಣೇ," ಎಂದಿದ್ದಳು. "ಬರೆದಿಟ್ಕೋ. ಇನ್ಮೇಲೆ ಆ ಆಸ್ಪತ್ರೆ ಮೆಟ್ಟಿಲು ಹತ್ತಬೇಡ."

ಪುಟ್ಟಿ ಅತ್ತಳು, ಆಮೇಲೆ ನಕ್ಕಳು, ಆಮೇಲೆ ಡ್ರೈವಿಂಗ್ ಕಲಿತಳು. ಈಗ ನಾಲ್ಕು ವರ್ಷದಿಂದ ಒಂದು ಶಾಲೆಯ ವ್ಯಾನು ಓಡಿಸುತ್ತಿದ್ದಾಳೆ. ಬೆಳಗ್ಗೆ ಹದಿನಾಲ್ಕು ಮಕ್ಕಳು, ಸಂಜೆ ಅದೇ ಹದಿನಾಲ್ಕು ಮಕ್ಕಳು.

ಮಂಗಳವಾರ ಮಧ್ಯಾಹ್ನ ಮೇಷ್ಟ್ರ ಕೋಣೆಯಲ್ಲಿ ಹೊಸ ಮೇಡಂ ಎಲ್ಲವನ್ನೂ ಬಿಡಿಸಿ ಹೇಳಿದಳು. ಬೇರೊಂದು ದೇಶದ ಲ್ಯಾಬಿನವರು ಇದೇ ಗುರುತನ್ನು ಇನ್ನೂರು ಜನರಲ್ಲಿ ಹುಡುಕಿದ್ದರು. ಸೂಜಿಗೆ ದಾರ ಪೋಣಿಸುವಷ್ಟು ಚುರುಕು ಕಣ್ಣಿರುವ ಮುದುಕರಲ್ಲೂ ಅದು ಸಿಕ್ಕಿತ್ತು. ಕಣ್ಣು ಹೋದ ಎಷ್ಟೋ ಜನರಲ್ಲಿ ಸಿಕ್ಕಿರಲಿಲ್ಲ. ಅಂದರೆ ಅದು ಕೆನ್ನೆಯ ಮೇಲಿನ ಮಚ್ಚೆಯ ಹಾಗೆ, ಇದ್ದವರಿಗಿದೆ, ಇಲ್ಲದವರಿಗಿಲ್ಲ. ಪತ್ರಿಕೆಯವರು ಮೂಲ ಟ್ಯೂಬುಗಳನ್ನು ಮತ್ತೆ ಪರೀಕ್ಷಿಸಿ ತೋರಿಸಿ ಎಂದು ಕೇಳಿದ್ದರು. ಮುಖ್ಯವಾದ ಎರಡು ಮನೆಯ ಹನ್ನೆರಡು ಟ್ಯೂಬಿನಲ್ಲಿ ಐದರಲ್ಲಿ ಮಾತ್ರ ಏನಾದರೂ ಉಳಿದಿತ್ತು. ಆ ಐದರಲ್ಲಿ ಎರಡು, ಹೆಂಗಸಿನದು ಎಂದು ಬರೆದಿದ್ದು, ಗಂಡಸಿನವು.

"ಮತ್ತೆ ರಕ್ತ ತರಿಸಬಹುದಲ್ಲ?" ಎಂದರು ಮೇಷ್ಟ್ರು.

"ಒಂದು ಮನೆಯವರು ಊರೇ ಬಿಟ್ಟಿದ್ದಾರೆ ಸರ್. ಇನ್ನೊಂದು ಮನೆಯಲ್ಲಿ ಹಿರಿಯರಿಬ್ಬರೂ ತೀರಿಕೊಂಡಿದ್ದಾರೆ. ಉಳಿದವರು ಕಾಗದಕ್ಕೆ ಉತ್ತರ ಬರೀತಿಲ್ಲ."

ಮೇಷ್ಟ್ರು ಕನ್ನಡಕ ತೆಗೆದು ಅಂಗಿಯ ಅಂಚಿನಲ್ಲಿ ಒರೆಸಿದರು. ಒರೆಸುತ್ತಲೇ ಹನಿಯಕ್ಕನನ್ನು ನೋಡಿದರು. "ಆ ಟ್ಯೂಬುಗಳಿಗೆ ಏನಾದರೂ ಆಗಿತ್ತಾ? ಫ್ರೀಜರ್ ಕೆಟ್ಟಿದ್ದು, ಹಾಗೇನಾದ್ರೂ?"

"ಇಲ್ಲ ಸರ್. ಎಲ್ಲ ಎಂದಿನ ಹಾಗೇ," ಎಂದಳು ಅವಳು. ಮಾತು ಬಾಯಿಂದ ಹೊರಬಿದ್ದ ಕ್ಷಣವೇ ಅವಳಿಗೆ ಮುಚ್ಚಳಗಳ ನೆನಪು ಬಂತು.

ಮುಚ್ಚಳಗಳು. ಆರು ವರ್ಷ ಅದನ್ನು ಅವಳು ಮುಚ್ಚಿಟ್ಟಿದ್ದಳು ಎಂದರೆ ಅನ್ಯಾಯವಾದೀತು. ಮುಚ್ಚಿಡುವಂಥದ್ದು ಎಂದು ಅವಳಿಗೆ ಅನಿಸಿಯೇ ಇರಲಿಲ್ಲ. ಪ್ರಬಂಧದ ಪರೀಕ್ಷೆಗೆ ಮೊದಲು ಒಂದು ದಿನ ಆ ಹನ್ನೆರಡು ಟ್ಯೂಬನ್ನು ಸ್ಟ್ಯಾಂಡಿನಲ್ಲಿ ಒಂದೇ ಸಾಲಿಗೆ ನಿಲ್ಲಿಸಿ, ಮುಚ್ಚಳ ಬಿಚ್ಚಿ, ಬಿಚ್ಚಿದ ಕ್ರಮದಲ್ಲೇ ಟಿಶ್ಯೂ ಕಾಗದದ ಮೇಲೆ ಜೋಡಿಸಿದ್ದಳು. ಮೊಣಕೈ ತಾಗಿತು. ಕಾಗದ ಜಾರಿ ಮೇಜಿನ ಆಚೆ ಬದಿಗೆ ಬಿತ್ತು, ಮುಚ್ಚಳಗಳು ಚೆಲ್ಲಾಪಿಲ್ಲಿ. ನೆಲಕ್ಕೆ ಬಿದ್ದದ್ದನ್ನು ಮತ್ತೆ ಬಳಸುವಂತಿಲ್ಲ. ಮೇಜು ಸುತ್ತಿಕೊಂಡು ಆಚೆ ಹೋಗಿ, ಅವನ್ನೆಲ್ಲ ಹೆಕ್ಕಿ ಕಸಕ್ಕೆ ಹಾಕಿ, ಹೊಸ ಮುಚ್ಚಳ ತೆಗೆದುಕೊಂಡು ಒಂದರಿಂದ ಹನ್ನೆರಡರವರೆಗೆ ನಂಬರು ಬರೆದು ತಿರುಗಿಸಿ ಹಾಕಿದ್ದಳು. ಟ್ಯೂಬುಗಳು ಕದಲಿರಲಿಲ್ಲವಲ್ಲ, ಸಾಲು ಸಾಲಾಗಿಯೇ ಇದ್ದವು. ಎಡದಿಂದ ಬಲಕ್ಕೆ ಬರೆದರಾಯಿತು. ಅಷ್ಟೇ ಕತೆ.

ಆದರೆ ಎಡ ಎಂದರೆ ಯಾವ ಕಡೆ? ಮೇಜಿನ ಆಚೆ ಹೋದವಳು ಅಲ್ಲೇ ನಿಂತು ಬರೆದಳೋ, ತನ್ನ ಜಾಗಕ್ಕೆ ವಾಪಸು ಬಂದು ಬರೆದಳೋ? ಅಲ್ಲೇ ನಿಂತು ಬರೆದಿದ್ದರೆ ಒಂದು ಹನ್ನೆರಡಾಗಿ, ಹನ್ನೆರಡು ಒಂದಾಗಿ, ಮೊದಲ ಮನೆಯವರು ಎರಡನೇ ಮನೆಯವರಾಗಿ, ಕಣ್ಣಿಲ್ಲದವರು ಕಣ್ಣಿದ್ದವರಾಗಿ, ಎಲ್ಲ ತಲೆಕೆಳಗು.

ಅವಳಿಗೆ ಅದೊಂದು ನೆನಪಿಗೆ ಬರಲಿಲ್ಲ. ಯಾವ ಹೆಂಗಸಿನ ಯಾವ ಕೈಯಲ್ಲಿ ನರ ಸಿಗಲಿಲ್ಲ ಎಂದು ನೆನಪಿರುವ ತಲೆಗೆ, ತಾನು ಎಲ್ಲಿ ನಿಂತಿದ್ದೆ ಎಂಬುದು ನೆನಪಿರಲಿಲ್ಲ. ಮಂಗಳವಾರ, ಬುಧವಾರ, ಗುರುವಾರ ಅವಳು ಅದರ ಹಿಂದೆಯೇ ಬಿದ್ದಳು. ಬಸ್ಸಿನಲ್ಲಿ ನಿಲ್ದಾಣ ದಾಟಿ ಮುಂದೆ ಹೋದಳು. ಹಾಲು ಉಕ್ಕಿಸಿದಳು. ಕೆಲಸದ ಪುಸ್ತಕದ ಆ ಪುಟವನ್ನು ಹತ್ತು ಸಲ ತೆಗೆದು ನೋಡಿದಳು. ಅವಳದೇ ದುಂಡನೆಯ ಅಕ್ಷರ: ಎಂದಿನಂತೆ. ಜೀವನದಲ್ಲಿ ಮೊದಲ ಸಲ ತನ್ನ ಕೈಬರಹ ಕಂಡು ಮೈ ಉರಿಯಿತು.

ಭಾನುವಾರ ಬೆಳಗ್ಗೆ ಊಟದ ಮೇಜಿನ ಮೇಲೆ ಹನ್ನೆರಡು ಲೋಟ ಸಾಲಾಗಿ ನಿಂತವು.

ಅವಳ ಗಂಡ ಸೋಫಾ ರಿಪೇರಿಯವನು. ಬಾಯಲ್ಲಿ ಸಣ್ಣ ಮೊಳೆ ಕಚ್ಚಿಕೊಂಡೇ ಮಾತಾಡುವ ಮನುಷ್ಯ. ಮೊಳೆ ಇಲ್ಲದಾಗಲೂ ಹಾಗೆಯೇ ಮಾತಾಡುತ್ತಿದ್ದ. "ಯಾರಾದ್ರೂ ಬರ್ತಿದ್ದಾರಾ? ಒಂದು ಡಜನ್ ಜನ?"

"ಸುಮ್ನೆ ಕೂತ್ಕೊಳ್ಳಿ. ನಿಮ್ಮ ಸೋಫಾ ಗುಂಡಿ ಹನ್ನೆರಡು ಕೊಡಿ."

ಗುಂಡಿಗಳನ್ನು ಕಾಗದದ ಮೇಲೆ ಜೋಡಿಸಿ ಮೊಣಕೈಯಿಂದ ತಳ್ಳಿದಳು. ಆಚೆ ಹೋಗಿ ಹೆಕ್ಕಿದಳು. "ನೋಡ್ತಾ ಇರಿ, ನಾನು ಯೋಚನೆ ಮಾಡಲ್ಲ, ಕೈಗೆ ಹೇಗೆ ಬರುತ್ತೋ ಹಾಗೆ ಮಾಡ್ತೀನಿ." ಮೊದಲ ಸಲ ತನ್ನ ಜಾಗಕ್ಕೆ ವಾಪಸು ಬಂದು ಬರೆದಳು. ಎದೆ ಹಗುರಾಯಿತು. ಎರಡನೇ ಸಲ ಅಲ್ಲೇ ನಿಂತು ಬರೆದಳು. ಮೂರನೇ ಸಲ ನಡುದಾರಿಯಲ್ಲಿ ನಿಂತು, ಯಾವ ಕಡೆ ಹೋಗಬೇಕೆಂದು ತಿಳಿಯದೆ ಗಂಡನ ಮುಖ ನೋಡಿದಳು.

ಐದು ಸಲ ಆದ ಮೇಲೆ ಗಂಡ ಲೆಕ್ಕ ಒಪ್ಪಿಸಿದ. "ಆ ಕಡೆ ಮೂರು, ಈ ಕಡೆ ಎರಡು. ಚುನಾವಣೆ ಆಗಿದ್ರೆ ಗೆದ್ದೋರು ಯಾರು ಅಂತ ಹೇಳಬಹುದಿತ್ತು."

ಹನಿಯಕ್ಕ ನಗಲಿಲ್ಲ. ಕುರ್ಚಿ ಎಳೆದು ಕೂತು, "ಪುಟ್ಟಿಗೆ ಇಲ್ಲ ಅಂತ ಹೇಳಿಬಿಟ್ಟಿದೀನಿ ರೀ," ಎಂದಳು. ಗಂಡ ಗುಂಡಿಗಳನ್ನು ಒಂದೊಂದಾಗಿ ಹೆಕ್ಕಿ ಜೇಬಿಗೆ ಹಾಕಿಕೊಂಡ. ಆಮೇಲೆ ಅವನೂ ತಮಾಷೆ ಮಾಡಲಿಲ್ಲ.

ಸೋಮವಾರ ಮೇಷ್ಟ್ರಿಗೆ ಹೇಳಿದಳು. ನಿಂತೇ ಹೇಳಿದಳು, ಕೂರು ಎಂದರೂ ಕೂರಲಿಲ್ಲ.

"ಆರು ವರ್ಷ ಯಾಕೆ ಹೇಳಲಿಲ್ಲ?" ಎಂದರು ಅವರು.

"ಹೇಳೋದಕ್ಕೆ ಏನೂ ಇರಲಿಲ್ಲ ಸರ್. ಮುಚ್ಚಳ ಬಿತ್ತು, ಹೊಸದು ಹಾಕಿದೆ. ಅದು ತಪ್ಪಾಗಿರಬಹುದು ಅಂತ ತಲೆಗೇ ಬರಲಿಲ್ಲ. ನಾನು ತಪ್ಪು ಮಾಡಲ್ಲ ಅಂತ ಎಲ್ರೂ ಹೇಳ್ತಿದ್ರಲ್ಲ, ನಾನೂ ನಂಬಿಬಿಟ್ಟಿದ್ದೆ."

ಬೈಗುಳಕ್ಕೆ ಅವಳು ಸಿದ್ಧಳಾಗಿ ಬಂದಿದ್ದಳು. ಮೇಷ್ಟ್ರು ಬೈಯಲಿಲ್ಲ. ಒಳ್ಳೆಯ ಮನುಷ್ಯ, ಆದರೆ ಆ ಹೊತ್ತಿಗೆ ಒಳ್ಳೆಯತನ ಯಾರಿಗೂ ಉಪಯೋಗಕ್ಕೆ ಬರುವಂತಿರಲಿಲ್ಲ. "ಫಲಿತಾಂಶ ಅಷ್ಟು ಚೆನ್ನಾಗಿ ಹೊಂದಿಕೊಂಡಾಗ ನನಗೆ ಒಂದು ದಿನ ಅನ್ನಿಸಿತ್ತು," ಎಂದರು. "ಇನ್ನೊಂದ್ಸಲ ರಕ್ತ ತರಿಸಿ ಮೊದಲಿಂದ ನೋಡೋಣ ಅಂತ. ಅವಸರ ಇತ್ತು. ಬೇರೆ ಯಾರಾದ್ರೂ ಮೊದಲು ಬರೆದುಬಿಟ್ರೆ ಅಂತ ಭಯ. ಕೇಳಬೇಕಾದವನು ನಾನು. ಕೇಳಲಿಲ್ಲ."

ಹೊಸ ಮೇಡಂ ಟ್ಯೂಬುಗಳ ಸಾಲನ್ನು ಹಿಂದುಮುಂದು ಮಾಡಿ ಹೊಂದಿಸಿ ನೋಡಿದಳು. ಐದರಲ್ಲಿ ನಾಲ್ಕು ಸರಿಯಾಗಿ ಕೂತವು. ಐದನೆಯದು ಯಾವ ಕಡೆಯಿಂದ ನೋಡಿದರೂ ಕೂರಲಿಲ್ಲ. ಹಾಗಾದರೆ ಇನ್ನೆಲ್ಲೋ ಇನ್ನೊಂದು ತಪ್ಪು ಇರಬೇಕು, ಅಥವಾ ಇದೇ ತಪ್ಪಲ್ಲದೆ ಬೇರೆ ಯಾವುದೋ ಇರಬೇಕು. ಹನಿಯಕ್ಕನಿಗೆ ಇದೇ ದೊಡ್ಡ ಶಿಕ್ಷೆಯಾಯಿತು. ತಪ್ಪು ನನ್ನದೇ ಎಂದು ಒಪ್ಪಿಕೊಂಡು ಅತ್ತು ಹಗುರಾಗೋಣವೆಂದರೆ, ತಪ್ಪು ಅವಳದೇ ಎಂದು ಹೇಳಲೂ ಯಾರ ಕೈಯಲ್ಲೂ ಪುರಾವೆ ಇರಲಿಲ್ಲ.

ಪ್ರಬಂಧವನ್ನು ಹಿಂದಕ್ಕೆ ಪಡೆಯುವ ಕಾಗದ ಒಂದೇ ಪುಟ. ಅದನ್ನು ಬರೆಯಲು ಮೂರು ದಿನ ಹಿಡಿಯಿತು. ಮೇಷ್ಟ್ರ ಮೊದಲ ಕರಡಿನಲ್ಲಿ ಮುಚ್ಚಳದ ಸುದ್ದಿಯೇ ಇರಲಿಲ್ಲ.

"ಅದನ್ನ ಬರೀರಿ ಸರ್."

"ಬರೆದ್ರೆ ನಿನ್ನ ತಲೆಗೆ ಕಟ್ತಾರೆ. ಓದೋರಿಗೆ ಸಲೀಸು. ಟೆಕ್ನಿಷಿಯನ್ ಕೈ ತಪ್ಪಿತು, ಮುಗೀತು ಅಂತಾರೆ."

"ಕಟ್ಟಲಿ. ಮೂರನೇ ಹೆಸರು ನಂದೇ ಅಲ್ವಾ? ಹಾರ ಹಾಕಿಸಿಕೊಳ್ಳೋವಾಗ ಇತ್ತು."

ಕೊನೆಗೆ ಬರೆದದ್ದು ಹೀಗೆ: ಮಾದರಿಗಳನ್ನು ನಿಭಾಯಿಸುವಾಗ ಒಮ್ಮೆ ಮುಚ್ಚಳಗಳನ್ನು ಬದಲಿಸಲಾಗಿದ್ದು, ಆಗ ನಂಬರುಗಳು ಅದಲುಬದಲಾಗಿರುವ ಸಾಧ್ಯತೆ ಇದೆ, ಬರಹದ ದಾಖಲೆ ಇಲ್ಲದ ಕಾರಣ ಅದನ್ನು ಖಚಿತಪಡಿಸಲಾಗಲಿ ಅಲ್ಲಗಳೆಯಲಾಗಲಿ ಬರುವುದಿಲ್ಲ, ಫಲಿತಾಂಶವನ್ನು ಪರಿಶೀಲಿಸಿ ದೃಢಪಡಿಸಲು ಸಾಧ್ಯವಾಗದೆ ಲೇಖಕರು ಪ್ರಬಂಧವನ್ನು ಹಿಂಪಡೆಯುತ್ತಿದ್ದಾರೆ. ಗುರುವಾರ ಸಂಜೆ ಹನಿಯಕ್ಕ ಸಹಿ ಮಾಡಿದಳು. ಇನ್ನಿಬ್ಬರು ಲೇಖಕರು ಓದು ಮುಗಿಸಿ ಬೇರೆ ಊರು ಸೇರಿದ್ದರು, ಅವರ ಒಪ್ಪಿಗೆಯೂ ಬಂತು.

"ಈ ಗುರುತು ನಂಬಿ ಹೊರಗಡೆ ಯಾರಿಗಾದ್ರೂ ಪರೀಕ್ಷೆ ಮಾಡಿ ಫಲಿತಾಂಶ ಕೊಟ್ಟಿದ್ದೀವಾ?" ಎಂದು ಹೊಸ ಮೇಡಂ ಕೇಳಿದಳು. "ಇದ್ರೆ ಅವರಿಗೆ ತಿಳಿಸಬೇಕು."

"ಯಾರಿಗೂ ಇಲ್ಲ," ಎಂದರು ಮೇಷ್ಟ್ರು. ಅವರಿಗೆ ಗೊತ್ತಿದ್ದಷ್ಟು ಅದು ನಿಜ. ಹನಿಯಕ್ಕ ಸಹಿ ಮಾಡಿದ ಪೆನ್ನಿನ ಕ್ಯಾಪು ಹಾಕಿ, ತೆಗೆದು, ಮತ್ತೆ ಹಾಕಿದಳು.

ಅಂದೇ ಸಂಜೆ ಪುಟ್ಟಿಗೆ ಫೋನು ಮಾಡಿದಳು. ಊಟ ಆಯ್ತಾ, ಅಮ್ಮ ಹೇಗಿದ್ದಾಳೆ, ಕೆಮ್ಮು ಹೋಯ್ತಾ. ಊರಿನ ಸುದ್ದಿಯೆಲ್ಲ ಆಯಿತು, ಹೇಳಬೇಕಾದ್ದು ಮಾತ್ರ ಉಳಿಯಿತು. ಫೋನು ಇಡುವ ಮೊದಲು ಪುಟ್ಟಿಯೇ ನಗುತ್ತಾ ಹೇಳಿದಳು, "ಚಿಕ್ಕಮ್ಮ, ನಿನ್ನೆ ಶಾಲೆ ಗೇಟಿಗೆ ವ್ಯಾನು ಉಜ್ಜಿಬಿಟ್ಟೆ. ಎಡಗಡೆ ಉದ್ದಕ್ಕೂ ಗೀರು. ಇಷ್ಟು ದಿನ ಇದ್ದ ಗೇಟು, ನಿನ್ನೆ ಎಲ್ಲಿಂದ ಬಂತೋ!"

ಹನಿಯಕ್ಕ ಫೋನು ಇಟ್ಟಳು. ಗೇಟಿಗೆ ಎಲ್ಲರೂ ಉಜ್ಜುತ್ತಾರೆ. ಅವಳ ಗಂಡ ನಿಂತ ಸ್ಕೂಟರಿಗೇ ಉಜ್ಜಿದವನು. ಅದನ್ನೇ ಹತ್ತು ಸಲ ಹೇಳಿಕೊಂಡಳು. ಹೇಳಿಕೊಂಡಷ್ಟೂ ಎಡಗಡೆ, ಎಡಗಡೆ ಎಂದು ಕಿವಿಯಲ್ಲಿ ಕೊರೆಯಿತು. ಹದಿನಾಲ್ಕು ಮಕ್ಕಳು ನಾಳೆ ಬೆಳಗ್ಗೆ ಮತ್ತೆ ಆ ವ್ಯಾನು ಹತ್ತುತ್ತಾರೆ. ಆರು ವರ್ಷದ ಹಿಂದೆ ಮುಚ್ಚಳ ಯಾವ ಕಡೆಯಿಂದ ಬರೆದಳೋ ಗೊತ್ತಿಲ್ಲ, ಆದರೆ ನಾಳೆ ಬೆಳಗ್ಗೆ ಅವರು ಹತ್ತುವುದು ಗೊತ್ತು. ಅವಳು ಲ್ಯಾಬಿಗೆ ರಜೆ ಹೇಳಿದಳು.

ಒಂಬತ್ತೂಕಾಲಿಗೆ ಶಾಲೆಯ ಪಕ್ಕದ ಬೀದಿಯಲ್ಲಿ ವ್ಯಾನು ಸಿಕ್ಕಿತು. ಮಕ್ಕಳು ಇಳಿದು ಹೋಗಿದ್ದರು. ಪುಟ್ಟಿ ಸೀಟಿನ ಕೆಳಗೆ ಬಗ್ಗಿ ಬಿಸ್ಕತ್ತಿನ ಚೂರು ಗುಡಿಸುತ್ತಿದ್ದಳು. "ಅಯ್ಯೋ ಚಿಕ್ಕಮ್ಮ, ಈ ಹೊತ್ತಲ್ಲಿ ಇಲ್ಲಿ? ಅಮ್ಮಂಗೆ ಏನಾದ್ರೂ ಆಯ್ತಾ?"

"ಅಮ್ಮ ಚೆನ್ನಾಗಿದ್ದಾಳೆ. ಕೂತ್ಕೋ."

ಮಕ್ಕಳ ಸೀಟಿನಲ್ಲಿ ಮೊಣಕಾಲು ಮಡಚಿಕೊಂಡು ಇಬ್ಬರೂ ಕೂತರು. ಹನಿಯಕ್ಕ ಹೇಳಿದಳು. ಮುಚ್ಚಳ, ಮೇಜು, ಗಂಡಸಾದ ತಾಯಿ, ಕಾಗದ, ಸಹಿ. ಮುಗಿದ ಮೇಲೆ ಪುಟ್ಟಿ ಕೇಳಿದಳು, "ಹಾಗಾದ್ರೆ ನನಗೆ ಇದೆಯಾ?"

"ಇದೆ ಅಂತಲ್ಲ ಕಣೇ..."

"ಇಲ್ವಾ?"

"ಇಲ್ಲ ಅಂತ ಹೇಳಿದ್ದೆನಲ್ಲ, ಅದಕ್ಕೆ ಈಗ ಅರ್ಥ ಇಲ್ಲ. ಆ ಗುರುತಿಗೂ ಕಣ್ಣಿಗೂ ಸಂಬಂಧ ಇದೆಯೋ ಇಲ್ವೋ ಅನ್ನೋದೇ..."

"ಚಿಕ್ಕಮ್ಮ, ಅಡ್ಡಗೋಡೆ ಮೇಲೆ ದೀಪ ಇಡಬೇಡ."

ಪುಟ್ಟಿ ಎದ್ದಳು, ತಗ್ಗಿದ ಛಾವಣಿಗೆ ತಲೆ ತಾಗಿ ಮತ್ತೆ ಕೂತಳು. ಸಿಟ್ಟು ನೆತ್ತಿಗೇರಿದ್ದು ಆಗ.

"ನಾನು ಬಂದು ಕೇಳಿದ್ನಾ? ನಾನು ವರ್ಷ ವರ್ಷ ಆಸ್ಪತ್ರೆಗೆ ಹೋಗ್ತಿದ್ದೆ. ಹೆದರಿಕೊಂಡೇ ಹೋಗ್ತಿದ್ದೆ, ಆದ್ರೆ ಹೋಗ್ತಿದ್ದೆ. ನೀನೇ ಕೈ ಹಿಡಿದು ನಿಲ್ಲಿಸಿದ್ದು. ಆರು ವರ್ಷ, ಚಿಕ್ಕಮ್ಮ. ಆರು ವರ್ಷ ನಾನು ಕಣ್ಣು ತೋರಿಸಿಲ್ಲ. ಬೇರೆಯವರ ಮಕ್ಕಳನ್ನ ಹಿಂದೆ ಕೂರಿಸಿಕೊಂಡು ಓಡಿಸ್ತಾ ಇದೀನಿ."

"ಗೊತ್ತು."

"ಏನು ಗೊತ್ತು ನಿನಗೆ?"

ಕೈ ನಡುಗದ ಹೆಂಗಸಿನ ಕೈ ನಡುಗುತ್ತಿತ್ತು. ಹನಿಯಕ್ಕ ಅದನ್ನು ಮುಂದಿನ ಸೀಟಿನ ಕಂಬಿಗೆ ಒತ್ತಿ ಹಿಡಿದಳು. "ಈಗಲೇ ಹೋಗೋಣ ಬಾ," ಎಂದಳು. "ವ್ಯಾನು ಇಲ್ಲೇ ಇರಲಿ. ಬಸ್ಸಲ್ಲಿ ಹೋಗೋಣ."

ಪುಟ್ಟಿ ವ್ಯಾನಿಗೆ ಬೀಗ ಹಾಕಿ ಕೀಲಿಕೈಯನ್ನು ಬ್ಯಾಗಿಗೆ ಹಾಕಿಕೊಂಡಳು.

ಕಣ್ಣಿನ ಆಸ್ಪತ್ರೆಯಲ್ಲಿ ಮೂರು ಗಂಟೆ ಕಾದ ಮೇಲೆ ಒಂದು ಕತ್ತಲ ಕೋಣೆಗೆ ಕರೆದರು. ಬಟ್ಟಲಿನ ಒಳಗಿನಂತೆ ದುಂಡಗೆ, ಬೆಳ್ಳಗೆ ಇದ್ದ ಒಂದು ಯಂತ್ರ. ಅದರ ಮುಂದೆ ಗಲ್ಲ ಊರಿ, ಒಂದು ಕಣ್ಣು ಮುಚ್ಚಿ, ನಟ್ಟನಡುವೆ ನೋಡುತ್ತಾ ಇರಬೇಕು. ಎಲ್ಲಿ ಚುಕ್ಕೆ ಬೆಳಕು ಮಿನುಗಿದರೂ ಕೈಯಲ್ಲಿನ ಗುಂಡಿ ಒತ್ತಬೇಕು. ಕಣ್ಣು ಆಚೀಚೆ ಓಡಿಸುವಂತಿಲ್ಲ. ಹನಿಯಕ್ಕನಿಗೆ ಹಿಂದಿನ ಸ್ಟೂಲಿನ ಮೇಲೆ ಕೂರಲು ಬಿಟ್ಟರು. ಅಲ್ಲಿಂದ ಪುಟ್ಟಿಯ ಕಿವಿಯ ಪಕ್ಕಕ್ಕೆ ಆ ಬಟ್ಟಲಿನ ಎಡ ಅಂಚು ಮಾತ್ರ ಕಾಣುತ್ತಿತ್ತು.

ಬೆಳಕು ಬಂತು. ಟಿಕ್. ಬೆಳಕು ಬಂತು. ಟಿಕ್. ಕೆಲವು ಟಿಕ್‌ಗಳಿಗೆ ಅವಳಿಗೆ ಬೆಳಕು ಕಾಣಲಿಲ್ಲ. ಬಲಗಡೆ ಎಲ್ಲೋ ಬಂದಿರಬೇಕು. ಪುಟ್ಟಿಯ ಹೆಬ್ಬೆರಳು ಚುರುಕಾಗಿತ್ತು. ಹನಿಯಕ್ಕನ ಉಸಿರು ಹದಕ್ಕೆ ಬರತೊಡಗಿತು. ಆಮೇಲೆ ಎಡ ಅಂಚಿನಲ್ಲಿ, ತುಂಬ ಹೊರಗೆ, ಒಂದು ಚುಕ್ಕೆ ಮಿನುಗಿತು. ಟಿಕ್ ಬರಲಿಲ್ಲ.

ಹನಿಯಕ್ಕನ ಹೆಬ್ಬೆರಳು ತಾನೇ ಒತ್ತಿದಂತೆ ಮಡಿಲಲ್ಲಿ ಬಾಗಿತು. ಒತ್ತೇ, ಒತ್ತೇ ನನ್ನವ್ವ, ಎಂದು ಒಳಗೊಳಗೇ ಕೂಗಿದಳು. ಚುಕ್ಕೆ ಆರಿತು. ಇನ್ನೊಂದು ಬಂತು, ಟಿಕ್ ಎಂದಿತು. ಸ್ವಲ್ಪ ಹೊತ್ತಿನ ನಂತರ ಮತ್ತೆ ಅದೇ ಮೂಲೆ, ಮತ್ತೆ ಮೌನ. ಮೂರು ಸಲ ಹಾಗಾಯಿತು. ನಾಲ್ಕನೇ ಸಲ ಅವಳು ಕಣ್ಣು ಮುಚ್ಚಿಕೊಂಡಳು, ನೋಡುವ ಧೈರ್ಯ ಆಗಲಿಲ್ಲ.

ಡಾಕ್ಟರು ಕಾಗದ ತಿರುವಿ ಹಾಕಿದರು. "ಎಡಗಣ್ಣಿನಲ್ಲಿ ಹೊರಗಡೆ ಅಂಚಿನ ಕೆಲವು ಚುಕ್ಕೆ ತಪ್ಪಿವೆ. ಇಷ್ಟರಿಂದಲೇ ಏನೂ ಹೇಳೋಕಾಗಲ್ಲ. ಸುಸ್ತಾಗಿದ್ರೂ ತಪ್ಪುತ್ತೆ, ಗಾಬರಿಯಲ್ಲೂ ತಪ್ಪುತ್ತೆ. ಹಳೇ ಪರೀಕ್ಷೆಗಳ ಜೊತೆ ಹೋಲಿಸಿ ನೋಡಿದ್ರೆ ತಿಳಿಯುತ್ತಿತ್ತು. ಆದ್ರೆ ನಿಮ್ಮ ಫೈಲಿನಲ್ಲಿ ಆರು ವರ್ಷ ಖಾಲಿ. ಯಾಕೆ ಬರಲಿಲ್ಲ?"

ಪುಟ್ಟಿ ಚಿಕ್ಕಮ್ಮನ ಕಡೆ ನೋಡಲಿಲ್ಲ. "ಬರಬೇಕು ಅನ್ನಿಸಲಿಲ್ಲ ಡಾಕ್ಟರ್," ಎಂದಳು.

ಬೈದಿದ್ದರೆ ತಡೆದುಕೊಳ್ಳಬಹುದಿತ್ತು. ತನ್ನನ್ನು ಬಿಟ್ಟುಕೊಡದೆ ಹುಡುಗಿ ಆಡಿದ ಆ ಒಂದು ಸುಳ್ಳಿಗೆ ಹನಿಯಕ್ಕನ ಕಣ್ಣು ತುಂಬಿ ಬಂತು.

"ಮೂರು ತಿಂಗಳಿಗೆ ಮತ್ತೆ ಬನ್ನಿ. ಅಲ್ಲಿವರೆಗೆ ಮಕ್ಕಳನ್ನ ಕೂರಿಸಿಕೊಂಡು ವ್ಯಾನು ಓಡಿಸಬೇಡಿ."

ಹೊರಗೆ ಮೆಟ್ಟಿಲ ಮೇಲೆ ಬಿಸಿಲು ರಾಚುತ್ತಿತ್ತು. ಕಣ್ಣಿಗೆ ಔಷಧಿ ಬಿಟ್ಟಿದ್ದರಿಂದ ಪುಟ್ಟಿ ಹಣೆಗೆ ಕೈ ಅಡ್ಡ ಹಿಡಿದುಕೊಂಡು ನಿಂತಳು. ಇನ್ನೊಂದು ಕೈಯಿಂದ ಬ್ಯಾಗು ತಡಕಾಡಿ ವ್ಯಾನಿನ ಕೀಲಿಕೈ ತೆಗೆದು ಚಾಚಿದಳು.

"ಶಾಲೆಗೆ ಹೋಗಿ ನೀನೇ ಕೊಟ್ಟು ಬಾ. ನನ್ನ ಕೈಯಲ್ಲಾಗಲ್ಲ."

ಹನಿಯಕ್ಕ ತೆಗೆದುಕೊಂಡಳು. "ಏನಾಗಿದೆ, ಯಾವಾಗ ವಾಪಸ್ ಬರ್ತಾಳೆ ಅಂತ ಕೇಳಿದ್ರೆ?"

"ಗೊತ್ತಿಲ್ಲ ಅನ್ನು," ಎಂದಳು ಪುಟ್ಟಿ. "ಆರು ವರ್ಷದ ಹಿಂದೆ ನನಗೆ ಹೇಳಬೇಕಾಗಿದ್ದ ಮಾತೂ ಅಷ್ಟೇ ಆಗಿತ್ತು."

ಹೇಳಿ, ಅವಳು ಮೆಟ್ಟಿಲ ಮೇಲೆಯೇ ನೆರಳು ನೋಡಿಕೊಂಡು ಕೂತಳು. ಹನಿಯಕ್ಕ ಬಸ್ ನಿಲ್ದಾಣದ ಕಡೆ ಅರ್ಧ ಓಡುತ್ತಲೇ ಹೋದಳು. ಶಾಲೆ ಬಿಡಲು ಇನ್ನು ಒಂದೂಕಾಲು ಗಂಟೆ ಇತ್ತು, ಹದಿನಾಲ್ಕು ಮಕ್ಕಳನ್ನು ಮನೆ ಮುಟ್ಟಿಸಲು ಅಷ್ಟರೊಳಗೆ ಅವರು ಬೇರೆ ಯಾರನ್ನಾದರೂ ಹುಡುಕಬೇಕಾಗಿತ್ತು.